ಪರಾರಿ: ಒಂದು ತಿದ್ದುಪಡಿ

೧

ಎಲ್ಲಿಂದ ಶುರು ಮಾಡಲಿ?

ಇದನ್ನು ಬರೆಯುವವನು ತನ್ನಷ್ಟಕ್ಕೆ ಕೇಳಿಕೊಳ್ಳಬೇಕು, ಓದುವವರ ಮುಖಕ್ಕೆ ಕೇಳಬಾರದು. ಗೊತ್ತು. ಆದರೆ ಈಗಾಗಲೇ ಎರಡು ಆರಂಭಗಳನ್ನು ಹರಿದು ಎಸೆದಿದ್ದೇನೆ, ಸಿಟ್ಟು ನೆತ್ತಿಗೇರಿದೆ, ಈ ಹೊತ್ತಿನಲ್ಲಿ ನನ್ನಿಂದ ನಯ ವಿನಯ ನಿರೀಕ್ಷಿಸಬೇಡಿ.

ಮೊದಲನೆಯ ಆರಂಭ ಹೀಗಿತ್ತು: "ಪರವಾಡದ ಕಡೆಯ ಆಕಾಶ ಬೆಳಬೆಳಿಗ್ಗೆಯೇ ಕಪ್ಪಾಯಿತು." ಸ್ಫೋಟದಿಂದ ಶುರುವಾದ ಕಥೆಯನ್ನು ನೀವು ಅರ್ಧಕ್ಕೆ ಬಿಡುವುದಿಲ್ಲ. ಹೆಣ ತೋರಿಸಿ ಜನ ಸೇರಿಸುವ ವಿದ್ಯೆ ನನಗೂ ಬರುತ್ತದೆ. ಬರುತ್ತದೆ ಎಂದು ತಿಳಿದ ಕೂಡಲೇ ನಾಚಿಕೆಯಾಗಿ ಹರಿದೆ. ಯಾರ ಮೇಲಿನ ಸಿಟ್ಟಿಗೆ ಈ ಕಥೆ ಬರೆಯಲು ಕೂತೆನೋ ಅವರು ದಿನಾ ಮಾಡುವ ಕೆಲಸವೇ ಇದು.

ಎರಡನೆಯದು: "ದ್ವಾರಕಾ ನಗರದ ಆಫೀಸಿನ ಕಿಟಕಿಯಿಂದ ಹೊರಗೆ ನೋಡುತ್ತ ಅನುಸೂಯಾ ವಿಷಾದದ ನಗೆ ನಕ್ಕಳು." ಇದನ್ನು ಹರಿದವನು ನಾನಲ್ಲ. ಅನುಸೂಯಾ.

"ನಮ್ಮ ಆಫೀಸಿಗೆ ಕಿಟಕಿಯೇ ಇಲ್ಲ," ಅಂದಳು. "ಇನ್ನು ವಿಷಾದದ ನಗೆ ಅಂದ್ರೆ ಹೇಗಿರುತ್ತೆ? ಒಂದ್ಸಲ ನಕ್ಕು ತೋರಿಸಿ ನೋಡೋಣ."

ನಾನು ನಗಲಿಲ್ಲ.

ಓದುಗರೇ, ಈಕೆಯ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಅನುಸೂಯಾ ನಾನು ಕಟ್ಟಿದ ಪಾತ್ರ. ನಲವತ್ತು ದಾಟಿದೆ. ಬೆಳೆದದ್ದು ವೈಜಾಗಿನ ಸ್ಟೀಲ್ ಪ್ಲಾಂಟ್ ಟೌನ್‌ಶಿಪ್ಪಿನಲ್ಲಿ. ಅಪ್ಪ ಮಂಜಪ್ಪನವರು ಹೊಸದುರ್ಗದ ಕಡೆಯವರು, ಪ್ಲಾಂಟಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ ಈಗ ಕೂರ್ಮನ್ನಪಾಲೆಂನಲ್ಲಿ ಮಗಳ ಜೊತೆ ಇದ್ದಾರೆ. ಅವಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹೊಟ್ಟೆಪಾಡಿಗೆ ಇಂಗ್ಲಿಷ್. ವಿಜಯವಾಡದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ವರ್ಷಗಟ್ಟಲೆ ಕಾಪಿ ಎಡಿಟರ್ ಆಗಿದ್ದಳು. ಎಂದರೆ, ಬೇರೆಯವರು ಬರೆದದ್ದನ್ನು ಅಚ್ಚಿಗೆ ಹೋಗುವ ಮುಂಚೆ ತಿದ್ದುವ ಕೆಲಸ. ಆ ಪತ್ರಿಕೆ ಮುಚ್ಚಿದ ಮೇಲೆ ಈಸ್ಟ್‌ಕೋಸ್ಟ್ ಮಿನಿಟ್ ಎಂಬ ನ್ಯೂಸ್ ವೆಬ್‌ಸೈಟಿನ ವೈಜಾಗ್ ಆಫೀಸಿಗೆ ಬಂದಳು. ತಿದ್ದುವುದು ಅವಳಿಗೆ ರಕ್ತಕ್ಕೆ ಇಳಿದಿದೆ. ನನ್ನ ಕಥೆಯೊಳಗೆ ಕೂತು ನನ್ನನ್ನೇ ತಿದ್ದುತ್ತಾಳೆ.

(ಅನುಸೂಯಾ: "ರಕ್ತಕ್ಕೆ ಇಳಿದಿದೆ" ಬೇಡ. ಅಭ್ಯಾಸ ಅನ್ನಿ ಸಾಕು.)

ಅಭ್ಯಾಸ.

ಇನ್ನೊಂದು ಫಜೀತಿ. ಇದು ಇಂಗ್ಲಿಷ್ ಹಾಳಾದ ಕಥೆ, ಬರೆಯುತ್ತಿರುವುದು ಕನ್ನಡದಲ್ಲಿ. ಇಂಗ್ಲಿಷನ್ನು ಕನ್ನಡ ಅಕ್ಷರಕ್ಕೆ ಇಳಿಸಿದ ಕೂಡಲೇ ಸ್ಪೆಲ್ಲಿಂಗ್ ತಪ್ಪುಗಳೆಲ್ಲ ಮಾಯ. ಎಷ್ಟು ಕೆಟ್ಟ ವಾಕ್ಯವೂ ಇಲ್ಲಿ ಸ್ನಾನ ಮಾಡಿ ಬಂದಂತೆ ಕಾಣುತ್ತದೆ. ಇರಲಿ. ಈ ಕಥೆಯಲ್ಲಿ ಅನಾಹುತ ಮಾಡಿದ್ದು ಸ್ಪೆಲ್ಲಿಂಗ್ ಅಲ್ಲ. ಆ ಪದದ ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು.

೧, ಮತ್ತೊಮ್ಮೆ

ಫೋನಿನಿಂದ ಶುರು ಮಾಡುತ್ತೇನೆ.

ಮಧ್ಯಾಹ್ನ, ಆಫೀಸಿನ ಲ್ಯಾಂಡ್‌ಲೈನ್. ಅದು ರಿಂಗಾಗುವುದೇ ಅಪರೂಪ. ಅನುಸೂಯಾ ಎತ್ತಿದಳು. ಆ ಕಡೆ ಒಬ್ಬ ಹೆಂಗಸು ತಡವರಿಸುವ ತೆಲುಗಿನಲ್ಲಿ, "ಪರವಾಡದ ಸುದ್ದಿ ಬರೆದವರು ಯಾರಂಡಿ? ಅವರಿಗೆ ಕೊಡಿ," ಎಂದಳು.

"ಏನಾಯಿತಂಡಿ?"

ಆ ಕಡೆಯ ತೆಲುಗು ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕನ್ನಡದಲ್ಲಿ ಬಂತು, ತನ್ನಷ್ಟಕ್ಕೆ ಕೂಗಿಕೊಂಡಂತೆ. "ಏನಾಯಿತಂತೆ! ನನ್ನ ಗಂಡ ಐಸಿಯುನಲ್ಲಿ ಟ್ಯೂಬ್ ಹಾಕ್ಕೊಂಡು ಬಿದ್ದಿದಾರೆ, ಇವರು ಓಡಿಹೋದ ಅಂತ ಹಾಕಿದಾರೆ, ಏನಾಯಿತು ಅಂತ ಕೇಳ್ತಾರೆ! ಇವರ ಕೈ ಸೇದಿಹೋಗ!"

ಅನುಸೂಯಾ, "ಯಾರು ನಿಮ್ಮ ಯಜಮಾನರು? ಹೇಳಿ," ಎಂದಳು. ಕನ್ನಡದಲ್ಲಿ.

ಆಮೇಲೆ ಬಂದ ದನಿ ತಗ್ಗಿತ್ತು, ಆದರೆ ಕೂಗಿಗಿಂತ ಹೆಚ್ಚು ಚುಚ್ಚುತ್ತಿತ್ತು. "ನೀವು ಕನ್ನಡದೋರಾ? ಕನ್ನಡದೋರಾಗಿ ಹೀಗೆ ಬರೆದ್ರಾ?"

ಹೆಂಗಸಿನ ಹೆಸರು ಶ್ರಾವ್ಯಾ, ಅರಸೀಕೆರೆಯವಳು. ಗಂಡ ಇಂದುಧರ ವೈಜಾಗಿನ ಪಕ್ಕದ ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಹಿಂದಿನ ದಿನ ಬೆಳಗಿನ ಶಿಫ್ಟಿನಲ್ಲಿ ರಾಸಾಯನಿಕ ಬೇಯಿಸುವ ರಿಯಾಕ್ಟರ್ ಒಂದು ಸಿಡಿದಿತ್ತು. ಸುಮಂತ್ ಎಂಬ ಕಾಂಟ್ರಾಕ್ಟ್ ಕೆಲಸಗಾರ ಒಳಗೆ ಸಿಕ್ಕಿಕೊಂಡಿದ್ದ. ಇಂದುಧರ ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಅವನನ್ನು ತರಲು ಒಳಗೆ ಹೋದ. ಬಾಗಿಲವರೆಗೆ ಎಳೆದು ತಂದು ಅಲ್ಲೇ ಬಿದ್ದ. ಉಳಿದವರು ಇಬ್ಬರನ್ನೂ ಹೊರಗೆ ಎತ್ತಿ ತಂದರು. ಸುಮಂತ್ ದಾರಿಯಲ್ಲೇ ತೀರಿಕೊಂಡ. ಇಂದುಧರನನ್ನು ಗಾಜುವಾಕದ ಆಸ್ಪತ್ರೆಗೆ ಸೇರಿಸಿದ್ದು ಕಂಪೆನಿಯ ಆಂಬುಲೆನ್ಸೇ.

ಆ ಇಡೀ ದಿನ ಅವನ ಮೊಬೈಲ್ ಕಾರ್ಖಾನೆಯ ಗೇಟಿನ ಲಾಕರಿನಲ್ಲಿತ್ತು. ಬೇಗ ಬೆಂಕಿ ಹಿಡಿಯುವ ಸಾಲ್ವೆಂಟ್ ಇರುವ ಕಡೆ ಫೋನ್ ಒಯ್ಯುವಂತಿಲ್ಲ. ಕಿಡಿ ಹತ್ತೀತು ಎಂಬ ಭಯ.

೨

ಈಗ ವಾಕ್ಯದ ಕಥೆ.

ವರದಿಗಾರ ಪರವಾಡದಿಂದ ವಾಟ್ಸಾಪಿನಲ್ಲಿ ಕಳಿಸಿದ್ದು: ಶಿಫ್ಟ್ ಇನ್‌ಚಾರ್ಜ್ ಇಂದುಧರ, ಫೋನ್ ಆಫ್, ನಾಟ್ ಅವೈಲಬಲ್. ಅನುಸೂಯಾ ಅದನ್ನು ತಿದ್ದಿ, ಪ್ರತಿಕ್ರಿಯೆಗೆ ಅವರು ಸಂಪರ್ಕಕ್ಕೆ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಳು. ಇದು ಪತ್ರಿಕೆಯವರು ಬರೆಯುವ ಅತ್ಯಂತ ಸಪ್ಪೆ ವಾಕ್ಯ. ಸಪ್ಪೆ ಇರಬೇಕು. ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ವಾಕ್ಯಕ್ಕೆ ಉಪ್ಪುಖಾರ ಯಾಕೆ?

ಆದರೆ ಈಸ್ಟ್‌ಕೋಸ್ಟ್ ಮಿನಿಟ್‌ನ ಹೆಡ್ ಆಫೀಸ್ ಇರುವುದು ವಿಜಯವಾಡದಲ್ಲಿ. ಅಲ್ಲೊಂದು ಸಾಫ್ಟ್‌ವೇರ್ ಇದೆ. ಅದಕ್ಕೆ ಅವರಿಟ್ಟ ಹೆಸರು ಪಾಲಿಶ್. ಹಾಕಿದ ಸುದ್ದಿಯನ್ನು ಅದು ಮತ್ತೆ ಮತ್ತೆ ತಾನೇ ಬರೆಯುತ್ತದೆ. ಹೀಗೆ ಬರೆದರೆ ಹಳೇ ಸುದ್ದಿ ಹೊಸದೆಂದು ಗೂಗಲ್ ನಂಬುತ್ತದಂತೆ, ಜನ ಅದನ್ನು ಹೆಚ್ಚು ಒತ್ತಿ ತೆರೆಯುತ್ತಾರಂತೆ. ಬರೆದದ್ದನ್ನು ಯಾರೂ ಓದಿ ನೋಡುವುದಿಲ್ಲ. ಪಾಲಿಶ್ ಅನುಸೂಯಾಳ ಸಪ್ಪೆ ವಾಕ್ಯವನ್ನು ಎತ್ತಿಕೊಂಡಿತು, ತಿರುವಿತು, ತಲೆಬರಹ ಮಾಡಿತು: ಪರವಾಡ ಬ್ಲಾಸ್ಟ್, ಶಿಫ್ಟ್ ಇನ್‌ಚಾರ್ಜ್ ಅಬ್‌ಸ್ಕಾಂಡಿಂಗ್.

ಅಬ್‌ಸ್ಕಾಂಡಿಂಗ್. ತಲೆಮರೆಸಿಕೊಂಡಿದ್ದಾನೆ. ಪರಾರಿ.

ಸುದ್ದಿಯ ಕೆಳಗೆ, ಸಂಪಾದನೆ: ಅನುಸೂಯಾ ಎಂ.

ತೆಲುಗು ಸೈಟುಗಳು ಅದನ್ನು ತೆಲುಗಿಗೆ ಎತ್ತಿಕೊಂಡವು. ಅಲ್ಲಿಂದ ಯಾವುದೋ ಕನ್ನಡ ಸೈಟು ಎತ್ತಿಕೊಂಡಿತು. ಫೋನ್ ಬಂದ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಮಂಜಪ್ಪನವರು ತಮ್ಮ ಮೊಬೈಲನ್ನು ಮಗಳ ಕಡೆ ತಿರುಗಿಸಿದ್ದರು. "ನೋಡವ್ವಾ, ಹೊಸದುರ್ಗದಿಂದ ಕಳಿಸ್ಯಾರೆ. ವೈಜಾಗಿನಾಗೆ ಯಾವನೋ ಕನ್ನಡದ ಇಂಜಿನಿಯರು ಜನಾನ ಸಾಯಿಸಿ ಪರಾರಿ ಆಗ್ಯಾನಂತೆ. ನಮ್ಮೋರ ಮಾನ ಕಳೆದ ನೋಡು."

ಆಫೀಸಿಗೆ ತಡವಾಗುತ್ತದೆಂದು ಅನುಸೂಯಾ ಸರಿಯಾಗಿ ನೋಡಿರಲಿಲ್ಲ.

೩

ಅವಳು ಮೊದಲು ಮಾಡಿದ್ದು ಸುಲಭದ ಕೆಲಸ. ಆ ಸುದ್ದಿ ತೆಗೆದು ಪದವನ್ನು ಅಳಿಸಿ, ತಾನು ಮೊದಲು ಬರೆದದ್ದನ್ನೇ ಹಾಕಿದಳು. ಆಸ್ಪತ್ರೆಯ ವಿಷಯ ಸೇರಿಸಿದಳು. ಶ್ರಾವ್ಯಾಗೆ ಫೋನ್ ಮಾಡಿ, "ಸರಿ ಮಾಡಿದೀನಿ, ನೋಡಿ," ಎಂದಳು.

ಶ್ರಾವ್ಯಾ ನೋಡುವಷ್ಟರಲ್ಲಿ ಪಾಲಿಶ್ ಅದನ್ನು ಮತ್ತೆ ಅಬ್‌ಸ್ಕಾಂಡಿಂಗ್ ಮಾಡಿತ್ತು.

ಅನುಸೂಯಾ ಮತ್ತೆ ತಿದ್ದಿದಳು. ಅದು ಮತ್ತೆ ಬರೆಯಿತು. ಈ ಸಲ ಆಸ್ಪತ್ರೆಯನ್ನೂ ನುಂಗಿಹಾಕಿತ್ತು. ಜೊತೆಗೆ ಒಂದು ಹೊಸ ಪುಟ ಹುಟ್ಟಿಸಿತ್ತು: ಹೂ ವಾಸ್ ಸುಮಂತ್? ಏಜ್, ಕಾಸ್ಟ್, ಗರ್ಲ್‌ಫ್ರೆಂಡ್, ಇನ್‌ಸ್ಟಾಗ್ರಾಂ.

(ನನಗೆ ಇಲ್ಲಿ ಒಂದು ಒಳ್ಳೆಯ ಬೈಗುಳ ಬೇಕಿತ್ತು. ಅನುಸೂಯಾ ಹೊಡೆದು ಹಾಕಿದಳು. ಬೈದರೆ ಓದುವವರ ಸಿಟ್ಟು ಇಳಿದುಹೋಗುತ್ತೆ, ಇಳಿಸಬೇಡಿ ಅಂದಳು.)

ವಿಜಯವಾಡಕ್ಕೆ ಫೋನ್ ಮಾಡಿದಳು. ಎತ್ತಿದವಳು ಹಾರಿಕಾ. ಪಾಲಿಶ್ ನೋಡಿಕೊಳ್ಳುವ ಹುಡುಗಿ. ಕಾಲೇಜು ಮುಗಿಸಿ ಬಹಳ ದಿನವಾಗಿಲ್ಲ, ಮರ್ಯಾದಸ್ಥೆ, ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಕಥೆ ಬರೆಯುವುದು ಎಷ್ಟು ಸುಲಭವಿತ್ತು.

"ಮೇಡಂ, ಆ ಸ್ಟೋರಿ ತುಂಬಾ ಚೆನ್ನಾಗಿ ಹೋಗ್ತಿದೆ," ಎಂದಳು ಹಾರಿಕಾ. "ಆ ಹೆಡ್‌ಲೈನ್ ಇದ್ದರೆ ಓದ್ತಾರೆ, ತೆಗೆದರೆ ಬಿದ್ದುಹೋಗುತ್ತೆ. ಅದಕ್ಕೇ ಸಿಸ್ಟಂ ಅದನ್ನೇ ವಾಪಸ್ ತರುತ್ತೆ."

"ಅದು ಸುಳ್ಳಮ್ಮ. ಆ ಮನುಷ್ಯ ಆಸ್ಪತ್ರೆಯಲ್ಲಿದ್ದಾನೆ."

"ಸುಳ್ಳು ಹೇಗೆ ಮೇಡಂ? ಅಬ್‌ಸ್ಕಾಂಡಿಂಗ್ ಅಂದರೆ ಸಿಗ್ತಿಲ್ಲ ಅಂತ ಕದಾ? ಋಷಿಕೊಂಡದ ಐಟಿ ಕಂಪೆನಿಯಲ್ಲಿ ನನ್ನ ಫ್ರೆಂಡ್ ಹೇಳದೆ ಕೆಲಸ ಬಿಟ್ಟಳು. ಎಚ್‌ಆರ್‌ನವರು ಅವಳ ಫೈಲಲ್ಲಿ ಅಬ್‌ಸ್ಕಾಂಡಿಂಗ್ ಅಂತಲೇ ಬರೆದರು. ಅವಳೇನು ಕಳ್ಳಿಯಾ? ಮನೆಯಲ್ಲಿ ಮದುವೆಗೆ ರೆಡಿಯಾಗ್ತಿದ್ದಳು."

ಅನುಸೂಯಾ ಫೋನ್ ಇಟ್ಟಳು. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಆ ಪದ ಬಂದದ್ದೇ ಹಾಗೆ.

೪

ಇಲ್ಲಿ ಅನುಸೂಯಾಳ ಬಾಲ್ಯವಿತ್ತು. ಟೌನ್‌ಶಿಪ್ಪಿನ ಮನೆಯ ಜಗಲಿ, ಅಪ್ಪ ಪೇಪರ್ ಜೋರಾಗಿ ಓದಿಸಿ ಇಂಗ್ಲಿಷ್ ಕಲಿಸಿದ್ದು, ಗುಲ್‌ಮೊಹರ್ ಮರ, ಎಲ್ಲ. ಚೆನ್ನಾಗಿತ್ತು. ಅವಳು ಇಡೀ ಭಾಗಕ್ಕೆ ಗೀಟು ಎಳೆದು ಪಕ್ಕದಲ್ಲಿ ಬರೆದಳು: ಒಬ್ಬ ಐಸಿಯುನಲ್ಲಿದ್ದಾನೆ, ಬೇಗ ಹೋಗಿ.

೫

ಕೆಲಸ ಮುಗಿಯುವವರೆಗೂ ಕಾಯದೆ ಅವಳು ಬಸ್ ಹತ್ತಿ ಗಾಜುವಾಕಕ್ಕೆ ಹೋದಳು. ಶ್ರಾವ್ಯಾ ಹೇಳಿದ ಬೀದಿ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಮುಂದೆ ಜನ ನಿಂತಿದ್ದರು.

ಬಾಗಿಲ ಮೆಟ್ಟಿಲಿಗೆ ಅಡ್ಡಲಾಗಿ ಒಬ್ಬ ಹೆಂಗಸು ಕೂತಿದ್ದಳು. ಹೆಸರು ದುರ್ಗಾಂಬ. ಸತ್ತ ಸುಮಂತ್‌ನ ತಾಯಿ. ಮಗನನ್ನು ಅವತ್ತು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಸುದ್ದಿ ಅವಳನ್ನು ತೆಲುಗಿನಲ್ಲಿ ತಲುಪಿತ್ತು. "ಎಕ್ಕಡ ದಾಚಾವಮ್ಮಾ? ಎಲ್ಲಿ ಬಚ್ಚಿಟ್ಟಿದೀಯಾ ನಿನ್ನ ಗಂಡನ್ನ?" ಎಂದು ಒಳಗಿದ್ದ ಶ್ರಾವ್ಯಾಳನ್ನು ಕೇಳುತ್ತಿದ್ದಳು. ಕೂಗುತ್ತಿರಲಿಲ್ಲ. ಗಂಟಲು ಅಷ್ಟೊತ್ತಿಗೆ ಹೋಗಿತ್ತು.

ಶ್ರಾವ್ಯಾ ಬಾಗಿಲು ತೆರೆದಳು. ಕೈಯಲ್ಲಿ ಆಸ್ಪತ್ರೆಗೆ ಒಯ್ಯುವ ಚೀಲ. ಮೂವತ್ತರ ಆಸುಪಾಸಿನ ಹೆಂಗಸು, ತಲೆ ಬಾಚಿರಲಿಲ್ಲ. ಜನರ ನಡುವೆ ಅನುಸೂಯಾಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ನಾನು ಅನುಸೂಯಾ. ಫೋನಲ್ಲಿ ಮಾತಾಡಿದ್ದೆ."

"ಬಂದ್ರಾ?" ಎಂದಳು ಶ್ರಾವ್ಯಾ. "ಒಳ್ಳೇದಾಯ್ತು. ಈಯಮ್ಮಂಗೆ ನೀವೇ ಹೇಳಿ. ನನ್ನ ತೆಲುಗು ಸಾಲಲ್ಲ. ನನ್ನ ಜೊತೆ ಬರೋಕೆ ಹೇಳಿ. ಎಲ್ಲಿ ಬಚ್ಚಿಟ್ಟಿದೀನಿ ಅಂತ ತೋರಿಸ್ತೀನಿ."

ಮೂವರೂ ಒಂದೇ ಆಟೋದಲ್ಲಿ ಹೋದರು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.

(ಇಲ್ಲಿ ನಾನು ಮೂವರು ಹೆಂಗಸರ ಮೌನದ ಬಗ್ಗೆ ಬರೆಯಲು ಹೊರಟೆ. ಅನುಸೂಯಾ: "ಮೌನ ಗೀನ ಏನೂ ಇಲ್ಲ. ಆಟೋ ಸದ್ದಿಗೆ ಏನೂ ಕೇಳ್ತಿರಲಿಲ್ಲ. ನನಗೆ ಭಯ ಆಗ್ತಿತ್ತು. ಅಷ್ಟೇ.")

ಐಸಿಯು ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ ಕುರ್ಚಿ ಹಾಕಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಇಲ್ಲೇ ಇದ್ದಾನೆ ಎಂದಳು ಶ್ರಾವ್ಯಾ. ಬಂದವನೇ ಅವಳನ್ನು ಕೇಳಿದ್ದು: "ಯಾವಾಗ ಸಿಕ್ಕಿದರಮ್ಮಾ ನಿಮ್ಮ ಯಜಮಾನರು?" ಹೈದರಾಬಾದಿನಿಂದ ಕಂಪೆನಿಯವರು ಒಂದು ಹೇಳಿಕೆ ಕೊಟ್ಟಿದ್ದರು. ಮಾಧ್ಯಮ ವರದಿಗಳ ಪ್ರಕಾರ ಶಿಫ್ಟ್ ಇನ್‌ಚಾರ್ಜ್ ತಲೆಮರೆಸಿಕೊಂಡಿದ್ದು, ತನಿಖೆಗೆ ಸಂಪೂರ್ಣ ಸಹಕಾರ ನೀಡುತ್ತೇವೆ ಎಂದು. ಆಂಬುಲೆನ್ಸ್ ಕಳಿಸಿದ ಕಂಪೆನಿ! ತನ್ನ ಮನುಷ್ಯ ಎಲ್ಲಿದ್ದಾನೆಂದು ತನ್ನ ಡ್ರೈವರನ್ನು ಕೇಳಲಿಲ್ಲ. ವೆಬ್‌ಸೈಟು ನೋಡಿತು. ಕಾರ್ಖಾನೆಯ ಮೇಲೆ ಬರಬೇಕಿದ್ದ ಮಾತನ್ನೆಲ್ಲ ಒಬ್ಬನ ತಲೆಗೆ ಕಟ್ಟುವ ಪದವೊಂದು ಪುಕ್ಕಟೆ ಸಿಕ್ಕಿರುವಾಗ ಯಾರು ಬೇಡ ಅನ್ನುತ್ತಾರೆ?

ಗಾಜಿನಾಚೆ ಇಂದುಧರ ಮಲಗಿದ್ದ. ಬಾಯಿಗೆ ಟ್ಯೂಬ್. ಕೈ ಎರಡಕ್ಕೂ ಬ್ಯಾಂಡೇಜ್.

ದುರ್ಗಾಂಬ ಗಾಜಿಗೆ ಹಣೆ ಹಚ್ಚಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅನುಸೂಯಾಳ ಕಡೆ ತಿರುಗಿ, "ನನ್ನ ಮಗನನ್ನ ಎಳೆದದ್ದು ಆ ಕೈಯಾ?" ಎಂದು ತೆಲುಗಿನಲ್ಲಿ ಕೇಳಿದಳು.

"ಹೌದಮ್ಮಾ."

"ಮತ್ತೆ ಓಡಿಹೋದ ಅಂತ ಬರೆದೋರು ಯಾರು?"

ಶ್ರಾವ್ಯಾ ಅನುಸೂಯಾಳ ಮುಖ ನೋಡುತ್ತಿದ್ದಳು. ಯಂತ್ರ ಬರೆಯಿತು ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಮಗನನ್ನು ಕಳೆದುಕೊಂಡವಳ ಎದುರು ಯಂತ್ರದ ಹಿಂದೆ ಅವಿತುಕೊಳ್ಳುವುದು ಅವಳಿಂದಾಗಲಿಲ್ಲ.

"ನಮ್ಮ ಆಫೀಸಮ್ಮಾ," ಎಂದಳು.

೬

ಮರುದಿನ ಬೆಳಗಿನ ರೈಲಿಗೆ ಅವಳು ವಿಜಯವಾಡಕ್ಕೆ ಹೊರಟಳು. ಫೋನಿನಲ್ಲಿ ಆಗುವ ಕೆಲಸವಲ್ಲ ಎಂದು ಗೊತ್ತಾಗಿತ್ತು. ಗೋದಾವರಿ ದಾಟುವಾಗ ನಾನು ಅವಳಿಗೆ ನದಿ ನೋಡಲು ಹೇಳಿದೆ. ನೋಡಲಿಲ್ಲ. ಮೊಬೈಲಿನಲ್ಲಿ ಆ ಪದ ಇನ್ನೂ ಇದೆಯಾ ಎಂದು ನೋಡುತ್ತಿದ್ದಳು. ಇತ್ತು.

ಬಂದರ್ ರೋಡಿನ ಆಫೀಸಿನಲ್ಲಿ ಸಂಪಾದಕ ಜಗದೀಶ್ ಎದ್ದುನಿಂತು ಬರಮಾಡಿಕೊಂಡರು. ಬಳ್ಳಾರಿಯವರು. ಹಳೇ ಪತ್ರಿಕೆಯಲ್ಲಿ ಅನುಸೂಯಾಗೆ ಕೆಲಸ ಕಲಿಸಿದ್ದು ಇವರೇ. ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಪುಟವನ್ನೇ ಮುಖಕ್ಕೆ ಎಸೆದ ಮನುಷ್ಯ.

"ಕುಂದ್ರು ಅನು. ಬಿಸಿಲಾಗ ಬಂದಿ. ಮಜ್ಜಿಗಿ ತರಿಸ್ಲಾ?"

"ಮಜ್ಜಿಗೆ ಬೇಡ ಸರ್. ತಿದ್ದುಪಡಿ ಬೇಕು. ಅದೇ ಪುಟದಲ್ಲಿ, ಮೇಲ್ಗಡೆ. ನಾವು ಬರೆದದ್ದು ಸುಳ್ಳು ಅಂತ."

"ಸುಮ್ನ ಬದಲು ಮಾಡಿಸ್ತೀನಲ್ಲ. ಈಗ ಎಲ್ಲಾರೂ ಹಂಗ ಮಾಡ್ತಾರ. ತಪ್ಪಾತು ಅಂತ ಬೋರ್ಡು ಹಾಕಿದ್ರ ವಕೀಲರು ಬಾಗಲಾ ಬಡೀತಾರ."

"ಸುಮ್ಮನೆ ಬದಲು ಮಾಡಿದ್ರೆ ಪೊಲೀಸರು ಓದಿದ್ದು ಬದಲಾಗುತ್ತಾ? ಕಂಪೆನಿ ಹೇಳಿಕೆ ಬದಲಾಗುತ್ತಾ?"

ಜಗದೀಶ್ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡು, ನೀನು ಇನ್ನೂ ಪೇಪರಿನ ಕಾಲದಾಗ ಇದ್ದೀ. ಭಾಷಾ ಬದಲಾಗ್ತದ, ಅನು. ಆ ಹುಡುಗಿ ಹೇಳೂದ್ರಾಗ ತಪ್ಪೇನದ? ಇವತ್ತು ಅಬ್‌ಸ್ಕಾಂಡಿಂಗ್ ಅಂದ್ರ ಬಂದಿಲ್ಲ ಅಂತ. ನಾಳಿಗಿ ಮತ್ತೊಂದು. ಇಂಗ್ಲಿಷ್ ಏನು ನಮ್ಮಪ್ಪಂದಾ, ನಿಮ್ಮಪ್ಪಂದಾ?"

ಇಲ್ಲಿ ನಾನು ನಿಲ್ಲಿಸಬೇಕಾಯಿತು. ಯಾಕೆಂದರೆ ಜಗದೀಶ್ ಹೇಳಿದ್ದು ನನಗೆ ಅರ್ಧ ಒಪ್ಪಿಗೆ. ಭಾಷೆ ಬದಲಾಗುತ್ತದೆ. ನಾನು ಈ ಕಥೆಯಲ್ಲಿ ಬಳಸಿದ ಕನ್ನಡ ಕಂಡರೆ ನನ್ನ ಮೇಷ್ಟ್ರು ಬೆತ್ತ ಹುಡುಕುತ್ತಿದ್ದರು. ಹಾಗಾದರೆ ನಾನು ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ? ಅನುಸೂಯಾಳನ್ನು ಕೇಳಿದೆ. ಅವಳು ನನಗೆ ಉತ್ತರ ಕೊಡಲಿಲ್ಲ, ಜಗದೀಶ್‌ಗೆ ಕೊಟ್ಟಳು.

"ಬದಲಾಗ್ಲಿ ಸರ್. ಇಂಗ್ಲಿಷರಿಗೇ ಗೊತ್ತಿಲ್ಲದ ಪ್ರೀಪೋನ್ ಬಂತು, ನಾನು ಬೇಡ ಅಂದ್ನಾ? ಡು ದ ನೀಡ್‌ಫುಲ್ ಅಂತ ದಿನಾ ಬರೀತೀನಿ. ಯಾರಿಗೂ ಏನೂ ಆಗಲ್ಲ. ಇದು ಭಾಷೆ ಬದಲಾಗಿದ್ದಲ್ಲ. ಓಡಿಹೋದ ಅನ್ನೋ ಅರ್ಥ ಇರೋದಕ್ಕೇ ಜನ ಒತ್ತಿದ್ರು. ಸಿಗ್ತಿಲ್ಲ ಅನ್ನೋ ಅರ್ಥಾನೇ ಇದ್ದಿದ್ರೆ ನಾನು ಬರೆದ ವಾಕ್ಯಾನ ನಿಮ್ಮ ಯಂತ್ರ ಯಾಕೆ ತೆಗೀತಿತ್ತು? ಹಳೇ ಅರ್ಥದಲ್ಲಿ ಮಾರೋದು, ಕೇಳಿದ್ರೆ ಹೊಸ ಅರ್ಥ ತೋರಿಸೋದು. ನಿಮ್ಮ ಕಾಲದಲ್ಲಿ ಇದಕ್ಕೆ ಏನಂತಿದ್ರಿ ಸರ್?"

ಜಗದೀಶ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮೆತ್ತಗೆ, "ಅದರ ಕೆಳಗ ನಿನ್ನ ಹೆಸರು ಐತಿ, ಅದಕ್ಕ ನಿಂಗ ಸಂಕಟ. ಹೆಸರು ತೆಗಸ್ತೀನಿ. ಮುಗೀತಲ್ಲ?" ಎಂದರು.

ಅನುಸೂಯಾ ಆಸೆಪಟ್ಟಳು. ಇದನ್ನು ಬರೆಯಬೇಡಿ ಅಂದಳು, ನಾನು ಬರೆಯುತ್ತಿದ್ದೇನೆ. ಒಂದು ಗಳಿಗೆ ಅವಳಿಗೆ ಹಗುರಾಯಿತು. ಹೆಸರು ಹೋದರೆ ಈ ಕೊಳಕಿಗೂ ತನಗೂ ಸಂಬಂಧವಿಲ್ಲ, ಸಂಜೆಯ ರೈಲು ಹಿಡಿದು ಅಪ್ಪನ ಜೊತೆ ಊಟ ಮಾಡಬಹುದು. ಆ ಹಗುರವನ್ನು ಗುರುತಿಸಿದಾಗ ಅವಳಿಗೆ ಜಗದೀಶ್ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆ ಬಂತು. ಎದ್ದು ಹೊರಗೆ ಬಂದಳು.

೭

ಹಾರಿಕಾ ಹೊರಗಿನ ಹಾಲಿನಲ್ಲಿ ಕೂತಿದ್ದಳು. ಅನುಸೂಯಾಳನ್ನು ನೋಡಿ ಎದ್ದು, "ಮೇಡಂ, ನಾನು ನೆಟ್‌ನಲ್ಲಿ ನೋಡಿದೆ. ಇಲ್ಲೂ ಹಾಗೇ ಇದೆ," ಎಂದು ಸ್ಕ್ರೀನ್ ತೋರಿಸಿದಳು. ಯಾವುದೋ ಎಚ್‌ಆರ್ ಕಂಪೆನಿಯ ಪುಟ: ಹೇಳದೆ ಗೈರುಹಾಜರಾದ ಉದ್ಯೋಗಿ. ಅವಳ ಮುಖದಲ್ಲಿ ಜಂಭವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ನೋಡಿದ್ದಳು.

ಅನುಸೂಯಾ ವಾದ ಮಾಡಲಿಲ್ಲ. ಶ್ರಾವ್ಯಾಳ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟಳು. "ಈ ಅರ್ಥವನ್ನ ನೀನೇ ಅವಳಿಗೆ ಹೇಳು."

ಹಾರಿಕಾ ತೆಲುಗಿನಲ್ಲಿ ತನ್ನ ಹೆಸರು ಹೇಳಿದಳು, ಎಲ್ಲಿಂದ ಎಂದು ಹೇಳಿದಳು. ಆ ಕಡೆಯಿಂದ ಕೂಗಾಟ ಬರುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದಳು. ಬರಲಿಲ್ಲ. ಶ್ರಾವ್ಯಾಗೆ ಕೂಗುವ ಶಕ್ತಿ ಉಳಿದಿರಲಿಲ್ಲ. ಅವಳು ಫೋನನ್ನು ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್‌ಗೆ ಕೊಟ್ಟುಬಿಟ್ಟಳು.

"ಹಲೋ, ಯಾರಂಡಿ?" ಎಂದಿತು ಗಂಡು ದನಿ, ಬಹಳ ವಿನಯದಿಂದ.

"ಸರ್... ನೀವು ಅಲ್ಲಿ ಯಾಕೆ ಕೂತಿದ್ದೀರಿ?"

"ಅಬ್‌ಸ್ಕಾಂಡಿಂಗ್ ಅಕ್ಯೂಸ್ಡ್ ಅಂಡಿ. ಈಗ ಸಿಕ್ಕಿದ್ದಾರೆ. ಎಚ್ಚರವಾದರೆ ಮತ್ತೆ ಓಡಬಾರದು ಅಂತ ಕಾಯ್ತಿದ್ದೇನೆ."

ಹಾರಿಕಾ ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೀಬೋರ್ಡ್ ಎಳೆದುಕೊಂಡು ಏನೋ ಒತ್ತಿದಳು.

"ಆ ಪುಟಕ್ಕೆ ಪಾಲಿಶ್ ಆಫ್ ಮಾಡಿದೀನಿ," ಎಂದಳು, ತಲೆ ಎತ್ತದೆ. "ಸುಮಂತ್ ಪುಟಾನೂ ತೆಗೆದಿದೀನಿ. ಬರೀರಿ ಮೇಡಂ. ಸರ್ ಬರೋದರೊಳಗೆ ಬರೀರಿ."

ಅನುಸೂಯಾ ಅವಳ ಕುರ್ಚಿಯಲ್ಲೇ ಕೂತು ಬರೆದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ಅವಳಿಗೆ ತೋರಿಸಿ, ಒಪ್ಪಿಗೆ ಪಡೆದು:

ಪರವಾಡದ ಶಿಫ್ಟ್ ಇನ್‌ಚಾರ್ಜ್ ಇಂದುಧರ ಪರಾರಿಯಾಗಿದ್ದಾರೆ ಎಂದು ನಾವು ಬರೆದಿದ್ದೆವು. ಅದು ಸುಳ್ಳು. ಸುಮಂತ್ ಅವರನ್ನು ಹೊರಗೆ ತರಲು ಒಳಗೆ ಹೋದ ಅವರು ವಿಷದ ಹೊಗೆ ಕುಡಿದು ಆಸ್ಪತ್ರೆಯಲ್ಲಿದ್ದಾರೆ. ಅವರು ಓಡಿಹೋದರು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕೆಳಗೆ ತನ್ನ ಹೆಸರು ಹಾಕಿದಳು.

೮

ಓದುಗರೇ, ಮುಗಿಸುವ ಕೆಲಸ ಬಂತು. ನನ್ನ ಹತ್ತಿರ ಕೆಲವು ಮುಕ್ತಾಯಗಳಿವೆ.

ಒಂದು: ತಿದ್ದುಪಡಿ ಓದಿ ಊರೆಲ್ಲ ಕಣ್ಣೀರು ಹಾಕಿತು, ಕಂಪೆನಿ ಕ್ಷಮೆ ಕೇಳಿತು. (ಅನುಸೂಯಾ: "ತಿದ್ದುಪಡೀನ ಯಾರು ಓದ್ತಾರ್ರೀ?") ನಿಜ, ಸುಳ್ಳನ್ನು ಓದಿದವರಲ್ಲಿ ಒಂದು ಹಿಡಿಯಷ್ಟು ಜನವೂ ಓದಲಿಲ್ಲ. ಎತ್ತಿಕೊಂಡ ಸೈಟುಗಳಲ್ಲಿ, ಹೊಸದುರ್ಗದ ವಾಟ್ಸಾಪಿನಲ್ಲಿ, ಇಂದುಧರ ಇವತ್ತಿಗೂ ಪರಾರಿಯಲ್ಲಿದ್ದಾನೆ.

ಇನ್ನೊಂದು: ಜಗದೀಶ್ ಮತ್ತೆ ಆ ಹಳೇ ಪತ್ರಿಕೆಯ ಕಾಲದ ಮನುಷ್ಯರಾದರು. ಇಲ್ಲ. ಅವರು ಅವತ್ತೇ ಅನುಸೂಯಾಳ ಲಾಗಿನ್ ಮುಚ್ಚಿಸಿದರು, ನಾಳೆಯಿಂದ ಬರುವುದು ಬೇಡ ಎಂದರು. ತಿದ್ದುಪಡಿಯನ್ನು ಮಾತ್ರ ತೆಗೆಸಲಿಲ್ಲ. ನಾಚಿಕೆಯೋ, ತೆಗೆದರೆ ಕೇಸಾದೀತು ಎಂಬ ಲೆಕ್ಕವೋ, ನಾನು ಅವರೊಳಗೆ ಇಳಿದು ನೋಡಲಿಲ್ಲ. ನೋಡುವ ಮನಸ್ಸೂ ಇಲ್ಲ.

ಇಷ್ಟಂತೂ ಆಯಿತು. ಶ್ರಾವ್ಯಾ ಆ ನಾಲ್ಕು ಸಾಲಿನ ಪ್ರಿಂಟ್ ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಇನ್‌ಸ್ಪೆಕ್ಟರ್ ಎದುರು ಇಟ್ಟಳು. "ಬರೆದೋರೇ ಸುಳ್ಳು ಅಂತಿದಾರೆ, ಇನ್ನು ನೀವು ಯಾರನ್ನ ಕಾಯ್ತಿದೀರಾ?" ಎಂದಳು, ತನಗೆ ಬಂದಷ್ಟು ತೆಲುಗಿನಲ್ಲಿ. ಐಸಿಯು ಬಾಗಿಲ ಕುರ್ಚಿ ಖಾಲಿಯಾಯಿತು. ಇಂದುಧರನ ಟ್ಯೂಬ್ ತೆಗೆದರು. ದನಿ ಇನ್ನೂ ಬಂದಿಲ್ಲ. ಕೈ ಸನ್ನೆಯಲ್ಲಿ ಮೊದಲು ಕೇಳಿದ್ದು ಸುಮಂತ್ ಬಗ್ಗೆ. ಶ್ರಾವ್ಯಾ ತಲೆ ಅಲ್ಲಾಡಿಸಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಇಲ್ಲಿಗೆ ಮುಗಿಸೋಣವೆಂದಿದ್ದೆ. ಒಬ್ಬ ಒಳ್ಳೆಯವನು ಬದುಕಿದ, ಒಂದು ಪದ ಸೋತಿತು, ಒಬ್ಬಳು ಕೆಲಸ ಕಳೆದುಕೊಂಡು ತಲೆ ಎತ್ತಿ ನಡೆದಳು. ನೀವೂ ಪುಸ್ತಕ ಮುಚ್ಚುತ್ತಿದ್ದಿರಿ. ಆದರೆ ಅನುಸೂಯಾ ನನ್ನ ಮಾತು ಕೇಳದೆ ಮತ್ತೆ ಬಸ್ ಹತ್ತಿದಳು. ಲಂಕೆಲಪಾಲೆಂನಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು, ದುರ್ಗಾಂಬಳ ಮನೆಗೆ ಹೋದಳು. ಆ ನಾಲ್ಕು ಸಾಲನ್ನು ಅವಳಿಗೆ ತೆಲುಗಿನಲ್ಲಿ ಓದಿ ಹೇಳಿದಳು.

ದುರ್ಗಾಂಬ ಬಾಗಿಲ ಪಕ್ಕ ಮಂಚದ ಮೇಲೆ ಕೂತು ಕೇಳಿಸಿಕೊಂಡಳು. ಒಳ್ಳೆಯದಾಯಿತು ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಅವನಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದಿದೀಯಮ್ಮಾ. ಯಾರು ಅಂತ ಹೇಳೋಕೆ ಯಾರು ಬರ್ತಾರೆ?"

ಅನುಸೂಯಾ ನನ್ನ ಕಡೆ ನೋಡಿದಳು. ಮೊದಲ ಸಲ. ಇಷ್ಟು ದಿನ ನನ್ನ ವಾಕ್ಯ ಹೊಡೆದು ಹಾಕುತ್ತಿದ್ದವಳು ಈಗ ಒಂದು ವಾಕ್ಯ ಕೊಡಿ ಎಂಬಂತೆ ನೋಡಿದಳು. ನನ್ನ ಹತ್ತಿರ ಇರಲಿಲ್ಲ. ಅಷ್ಟು ಸಿಟ್ಟಿನಿಂದ ಒಂದು ಪದದ ಬೆನ್ನು ಹತ್ತಿದ ನಾನು, ರಿಯಾಕ್ಟರ್ ಯಾಕೆ ಸಿಡಿಯಿತು ಎಂದು ಒಂದು ಸಾಲೂ ಬರೆದಿಲ್ಲ. ಹಿಂದಕ್ಕೆ ಹೋಗಿ ನೋಡಿ. ಇಲ್ಲ.

ದುರ್ಗಾಂಬ ಸ್ವಲ್ಪ ಸರಿದು ಮಂಚದಲ್ಲಿ ಜಾಗ ಮಾಡಿದಳು. ಅನುಸೂಯಾ ಕೂತಳು.

"ಸುಮಂತ್ ಅವತ್ತು ಮನೆಯಿಂದ ಹೊರಡುವಾಗ ಏನಾದ್ರೂ ಹೇಳಿದ್ನಾ ಅಮ್ಮಾ?" ಎಂದು ಕೇಳಿದಳು.

ದುರ್ಗಾಂಬ ಹೇಳತೊಡಗಿದಳು. ಗಂಟಲು ಬಂದಿತ್ತು. ಬಲು ವೇಗದ ತೆಲುಗು, ನನಗೆ ಅಷ್ಟು ತೆಲುಗು ಬರುವುದಿಲ್ಲ, ಇನ್ನು ಮುಂದಿನದನ್ನು ನಾನು ಬರೆಯಲಾರೆ. ಹೊರಗೆ ನಿಂತ ನನಗೆ ನಡುನಡುವೆ ಒಂದೇ ಒಂದು ಪದ ತಿಳಿಯುತ್ತಿತ್ತು. ವಾಲ್ವ್, ಅನ್ನುತ್ತಿದ್ದಳು ದುರ್ಗಾಂಬ. ವಾರದಿಂದ ಸರಿಯಿಲ್ಲ, ಅನ್ನುವಂತಿತ್ತು. ಮತ್ತೆ ವಾಲ್ವ್.